ಚಹಾ ಬಿಟ್ಟವರು ಏನು ಕುಡಿದರು? ‘ಲಿಬರ್ಟಿ ಟೀ’ ಎಂಬ ಕಷಾಯದ ಕಥೆ

  

1773ರ ಡಿಸೆಂಬರ್ 16ರ ರಾತ್ರಿ ಅಮೆರಿಕದ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನ ಒಡೆದು ಸಮುದ್ರಕ್ಕೆ ಸುರಿದ ಕಥೆ ನಮಗೆಲ್ಲ ಗೊತ್ತು. ‘ಬಾಸ್ಟನ್ ಟೀ ಪಾರ್ಟಿ’. ಹೈಸ್ಕೂಲಿನಲ್ಲಿ ಎರಡು ಅಂಕದ ಪ್ರಶ್ನೆ. ಮೂರು ಹಡಗು, ಸುಮಾರು 340 ಪೆಟ್ಟಿಗೆ, 92,000 ಪೌಂಡಿಗೂ ಹೆಚ್ಚು ಎಲೆ. ನಮ್ಮ ಲೆಕ್ಕದಲ್ಲಿ ನಲವತ್ತು ಟನ್ನಿಗಿಂತ ಜಾಸ್ತಿ. ಸರಿ, ಸುರಿದರು. ಮಾರನೇ ದಿನ ಬೆಳಿಗ್ಗೆ ಎದ್ದು ಏನು ಕುಡಿದರು?

ಪಠ್ಯಪುಸ್ತಕ ಈ ಪ್ರಶ್ನೆ ಕೇಳೋದೇ ಇಲ್ಲ. ಚಹಾ ಅನ್ನೋದು ಅವರಿಗೆ ಅಪರೂಪದ ವಸ್ತು ಆಗಿರಲಿಲ್ಲ. ನಮ್ಮ ಹಾಗೇ ಬೆಳಿಗ್ಗೆ ಬೇಕು, ಸಂಜೆ ಬೇಕು, ನೆಂಟರು ಬಂದರೆ ಬೇಕು. ಅದನ್ನ ಇಡೀ ಊರು ಒಟ್ಟಿಗೆ ಬಿಡ್ತು ಅಂದ್ರೆ ಆ ಖಾಲಿ ಲೋಟಕ್ಕೆ ಏನೋ ಒಂದು ಬಂದಿರಲೇಬೇಕಲ್ಲ? ಹಿತ್ತಲಲ್ಲಿ ಬೆಳೆದ, ಬೇಲಿ ಬದಿಯಲ್ಲಿ ಕಿತ್ತ, ಅಟ್ಟದ ಮೇಲೆ ಒಣಗಿಸಿದ ಎಲೆಗಳು ಬಂದವು. ಅವಕ್ಕೆ ಸಿಕ್ಕ ಹೆಸರು ‘ಲಿಬರ್ಟಿ ಟೀ’, ಸ್ವಾತಂತ್ರ್ಯದ ಚಹಾ. ಇವತ್ತು ಆ ಎಲೆಗಳ ಕಥೆ.

ಮೊದಲು ಹಿನ್ನೆಲೆ, ಬೇಗ ಮುಗಿಸ್ತೀನಿ. ಆ ಕಾಲದ ಚಹಾ ಪೂರ್ತಿ ಚೀನಾದ್ದು. ಅಸ್ಸಾಂ, ನೀಲಗಿರಿ ಯಾವುದೂ ಇನ್ನೂ ಇರಲಿಲ್ಲ. ಅಸ್ಸಾಮಿನ ಚಹಾ ಲಂಡನ್ ಹರಾಜಿಗೆ ಮೊದಲ ಸಲ ಬಂದಿದ್ದೇ 1839ರಲ್ಲಿ. ಚೀನಾದ ಚಹಾವನ್ನು ಬ್ರಿಟನ್ನಿಗೆ ತರುವ ಗುತ್ತಿಗೆ ಈಸ್ಟ್ ಇಂಡಿಯಾ ಕಂಪನಿಯದ್ದು. 1767ರಲ್ಲಿ ಬ್ರಿಟಿಷ್ ಸಂಸತ್ತು ಅಮೆರಿಕದ ವಸಾಹತುಗಳಿಗೆ ಬರುವ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾದ ಮೇಲೆ ಸುಂಕ ಹಾಕಿತು. ಜನ ಗಲಾಟೆ ಮಾಡಿದರು. 1770ರಲ್ಲಿ ಉಳಿದದ್ದನ್ನೆಲ್ಲ ತೆಗೆದು ಚಹಾ ಒಂದರ ಮೇಲೆ ಮಾತ್ರ ಪೌಂಡಿಗೆ ಮೂರು ಪೆನ್ಸ್ ಉಳಿಸಿಕೊಂಡರು. ದುಡ್ಡಿಗಿಂತ ಹೆಚ್ಚಾಗಿ, ‘ತೆರಿಗೆ ಹಾಕೋ ಹಕ್ಕು ನಮಗಿದೆ’ ಅಂತ ತೋರಿಸೋದಕ್ಕೆ.

ಅಷ್ಟರಲ್ಲಿ ಕಂಪನಿ ತಾನೇ ಮುಳುಗೋ ಸ್ಥಿತಿಗೆ ಬಂತು. ಇಲ್ಲಿ ನಮ್ಮವರ ಪಾತ್ರವೂ ಸ್ವಲ್ಪ ಇದೆ. 1769ರಲ್ಲಿ ಹೈದರ್ ಅಲಿ ಸೈನ್ಯ ಮದ್ರಾಸಿನ ಬಾಗಿಲವರೆಗೆ ಹೋಗಿತ್ತಲ್ಲ, ಹೈದರನ ದಾಳಿಯ ಸುದ್ದಿ ಲಂಡನ್ ತಲುಪಿದಾಗ ಕಂಪನಿಯ ಷೇರು ಕುಸಿಯಿತು. ಅದರ ಬೆನ್ನಿಗೇ ಬಂಗಾಳದಲ್ಲಿ ಭೀಕರ ಬರ, ಲಕ್ಷಾಂತರ ಜನರ ಸಾವು. ಆಮೇಲೆ 1772ರಲ್ಲಿ ಲಂಡನ್ನಿನಲ್ಲಿ ಸಾಲದ ಬಿಕ್ಕಟ್ಟು. ಗೋದಾಮಿನಲ್ಲಿ ಕೋಟಿಗೂ ಹೆಚ್ಚು ಪೌಂಡ್ ಚಹಾ ಮಾರಾಟವಾಗದೆ ಬಿದ್ದಿತ್ತು. ಅದನ್ನ ಅಮೆರಿಕದಲ್ಲಿ ಅಗ್ಗಕ್ಕೆ ಸುರಿಯೋದಕ್ಕೆ 1773ರ ಚಹಾ ಕಾಯ್ದೆ ಬಂತು. ಅಗ್ಗವೇ, ಆದರೆ ಮೂರು ಪೆನ್ಸ್ ಸುಂಕ ಹಾಗೇ ಇತ್ತು.

ವಸಾಹತಿನವರಿಗೆ ಬಂಗಾಳದ ಸುದ್ದಿ ಗೊತ್ತಿತ್ತು. 1773ರ ಕೊನೆಯಲ್ಲಿ ಫಿಲಡೆಲ್ಫಿಯಾದಲ್ಲಿ ‘ರಸ್ಟಿಕಸ್’ ಅನ್ನೋ ಹೆಸರಲ್ಲಿ ಒಂದು ಕರಪತ್ರ ಬಂತು. ಜಾನ್ ಡಿಕಿನ್ಸನ್ ಬರೆದದ್ದು ಅಂತ ಇತಿಹಾಸಕಾರರು ಹೇಳ್ತಾರೆ. ಧಾನ್ಯ ಕೂಡಿಟ್ಟು ಲಾಭ ಮಾಡಿಕೊಂಡು ಬಂಗಾಳದ ಜನರನ್ನ ಹಸಿವಿಗೆ ತಳ್ಳಿದ ಕಂಪನಿ ಈಗ ನಮ್ಮ ಕಡೆ ಕಣ್ಣು ಹಾಕಿದೆ ಅನ್ನೋದು ಅದರ ಧಾಟಿ. ಅಂದ್ರೆ ಬಾಸ್ಟನ್ನಿನ ಚಹಾ ಲೋಟದಲ್ಲಿ ಬಂಗಾಳದ ಬರವೂ ತೇಲ್ತಾ ಇತ್ತು. ಇದನ್ನ ನಮ್ಮ ಪಠ್ಯದಲ್ಲಿ ಯಾಕೆ ಹಾಕಲ್ಲ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ಈಗ ಅಡುಗೆ ಮನೆಗೆ ಬರೋಣ.

ಬಂದರಿನಲ್ಲಿ ಪೆಟ್ಟಿಗೆ ಒಡೆದವರು ಗಂಡಸರು. ಅದು ಮೂರು ಗಂಟೆಯ ಕೆಲಸ. ಆದರೆ ಬಹಿಷ್ಕಾರ ಅನ್ನೋದು ದಿನಾ ಬೆಳಿಗ್ಗೆ, ದಿನಾ ಸಂಜೆ ನಡೀಬೇಕಾದ್ದು, ಅದು ನಡೆದಿದ್ದು ಹೆಂಗಸರ ಕೈಯಲ್ಲಿ. ಅದೂ ಟೀ ಪಾರ್ಟಿಗೆ ನಾಲ್ಕು ವರ್ಷ ಮೊದಲೇ ಶುರುವಾಗಿತ್ತು. 1770ರ ಫೆಬ್ರವರಿಯಲ್ಲಿ ಬಾಸ್ಟನ್ನಿನ 300ಕ್ಕೂ ಹೆಚ್ಚು ಗೃಹಿಣಿಯರು ಚಹಾ ಕುಡಿಯಲ್ಲ ಅಂತ ಒಪ್ಪಂದಕ್ಕೆ ಸಹಿ ಹಾಕಿದರು, ಪತ್ರಿಕೆಯಲ್ಲಿ ಪ್ರಕಟ ಆಯ್ತು. ಕೆಲವೇ ದಿನದಲ್ಲಿ ಮದುವೆಯಾಗದ ಹುಡುಗಿಯರದ್ದೇ ಬೇರೆ ಒಪ್ಪಂದ. ಮತದ ಹಕ್ಕು ಇಲ್ಲ, ಆಸ್ತಿಯ ಹಕ್ಕು ಇಲ್ಲ, ಸಭೆಯಲ್ಲಿ ಮಾತಾಡೋ ಹಾಗಿಲ್ಲ. ಆದರೆ ಟೀ ಪಾಟ್ ಅವರ ಕೈಲಿತ್ತು. ಕಾಯಿಸಬೇಕಾ ಬೇಡವಾ ಅನ್ನೋದು ರಾಜಕೀಯ ತೀರ್ಮಾನ ಆಗಿಬಿಟ್ಟಾಗ, ಆ ತೀರ್ಮಾನ ತಗೊಳ್ಳೋಳು ಅವಳೇ ಆದಳು.

ಯಾವ ಎಲೆ?

ಮೊದಲನೇದು ನ್ಯೂಜೆರ್ಸಿ ಟೀ ಅಂತಲೇ ಹೆಸರಾದ ಪೊದೆ. ಸೊಂಟದೆತ್ತರ ಬೆಳೆಯುತ್ತೆ, ಬೇಸಿಗೆಯಲ್ಲಿ ಸಣ್ಣ ಸಣ್ಣ ಬಿಳಿ ಹೂವಿನ ಗೊಂಚಲು, ಬೇರು ಕೆಂಪು. ಸಸ್ಯಶಾಸ್ತ್ರದ ಪ್ರಕಾರ ನಮ್ಮ ಎಲಚಿ, ಬೋರೆ ಹಣ್ಣಿನ ಕುಟುಂಬದ್ದು. ನಿಜವಾದ ಚಹಾಕ್ಕೆ ಅತಿ ಹತ್ತಿರದ ರುಚಿ ಇದರದ್ದೇ ಅಂತ ಹೆಸರು. ಎರಡನೇದು ಲ್ಯಾಬ್ರಡಾರ್ ಟೀ. ಉತ್ತರದ ಜೌಗು ನೆಲದಲ್ಲಿ ಬೆಳೆಯೋ ಗಿಡ, ಎಲೆಯ ಕೆಳಗೆ ಕಂದು ಬಣ್ಣದ ತುಪ್ಪಳದಂಥ ರೋಮ. 1768ರ ಸುಮಾರಿಗೇ ಬಾಸ್ಟನ್ ಪತ್ರಿಕೆಗಳು ಇದನ್ನ ಹೊಗಳೋಕೆ ಶುರು ಮಾಡಿದ್ದವು. ಹೆಂಗಸರು ಪಾದ್ರಿಯ ಮನೆಯಲ್ಲಿ ಸೇರಿ ದಿನವಿಡೀ ನೂಲು ತೆಗೆಯೋ ಕೂಟಗಳು ಆಗ ನಡೀತಿದ್ದವು. ಇಂಗ್ಲೆಂಡಿನ ಬಟ್ಟೆಗೂ ಬಹಿಷ್ಕಾರ ಇತ್ತಲ್ಲ, ಅದಕ್ಕೆ. ಚರಕ ಅಂದ ಕೂಡಲೇ ನಿಮಗೆ ಯಾರ ನೆನಪಾಯ್ತು ಅಂತ ನನಗೆ ಗೊತ್ತು, ಇದು ಅದಕ್ಕಿಂತ 150 ವರ್ಷ ಹಿಂದೆ. ಆ ಕೂಟಗಳಲ್ಲಿ ಲ್ಯಾಬ್ರಡಾರ್ ಟೀ ಕೊಡ್ತಿದ್ದರು. ಒಂದು ಎಚ್ಚರಿಕೆ: ಈ ಗಿಡದಲ್ಲಿ ವಿಷದ ಅಂಶ ಇದೆ, ತೆಳುವಾಗಿ ಸ್ವಲ್ಪ ಕುಡಿದರೆ ಸರಿ, ಗಟ್ಟಿ ಕುದಿಸಿ ಕುಡಿದರೆ ಅಪಾಯ.

ಇವಲ್ಲದೆ ರಾಸ್ಪ್‌ಬೆರಿ ಎಲೆ. ಯುರೋಪಿನಿಂದ ಬರುವಾಗ ಜೊತೆಗೆ ತಂದು ಹಿತ್ತಲಲ್ಲಿ ನೆಟ್ಟಿದ್ದ ಪುದೀನ, ಸೇಜ್, ಲೆಮನ್ ಬಾಮ್, ಕ್ಯಾಮಮೈಲ್. ಮತ್ತೆ ಓಸ್ವೀಗೋ ಟೀ ಅನ್ನೋ ಒಂದು ಗಿಡ, ಕೆಂಪು ಹೂವಿನದ್ದು, ನಮ್ಮ ತುಳಸಿ, ಪುದೀನ, ದೊಡ್ಡಪತ್ರೆಯ ಕುಟುಂಬ. ಆ ಗಿಡಕ್ಕೆ ಆಮೇಲೆ ಬರ್ತೀನಿ, ಅದರ ಕಥೆ ಬೇರೆ.

ಒಣಗಿಸೋದು ಹೇಗೆ ಅನ್ನೋದು ಇಲ್ಲಿ ಮುಖ್ಯ, ಯಾಕಂದ್ರೆ ಇಡೀ ಬಹಿಷ್ಕಾರ ನಿಂತಿದ್ದು ಅದರ ಮೇಲೆ. ನ್ಯೂ ಇಂಗ್ಲೆಂಡಿನಲ್ಲಿ ಅಕ್ಟೋಬರ್ ಹೊತ್ತಿಗೆ ಹಿಮದ ಹೊಡೆತ ಬಿದ್ದು ಎಲೆ ಸುಟ್ಟು ಹೋಗುತ್ತೆ. ಅಷ್ಟರೊಳಗೆ ಆರು ತಿಂಗಳಿಗೆ ಆಗೋಷ್ಟು ಕೂಡಿಡಬೇಕು. ನಮ್ಮ ಮಲೆನಾಡಿನವರಿಗೆ ಈ ಒತ್ತಡ ಚೆನ್ನಾಗಿ ಅರ್ಥ ಆಗುತ್ತೆ. ಅಲ್ಲಿ ಮುಹೂರ್ತ ಇಡೋದು ಮಳೆ, ಇವರಿಗೆ ಹಿಮ. ಹಪ್ಪಳ, ಸಂಡಿಗೆ, ಹುಣಸೆಹಣ್ಣು, ಒಣಮೆಣಸಿನಕಾಯಿ ಎಲ್ಲ ಜೂನ್ ಒಳಗೆ ಡಬ್ಬ ಸೇರಬೇಕು ಅಂತ ಅಜ್ಜಿ ಓಡಾಡ್ತಿದ್ದಿದ್ದು ನೆನಪಿದೆಯಾ? ಹಾಗೇ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರೋ ಮೊದಲು ಕೊಯ್ಯಬೇಕು. ಹೂ ಬಿಡೋಕೆ ಸ್ವಲ್ಪ ಮುಂಚೆ ಆದ್ರೆ ಇನ್ನೂ ಒಳ್ಳೇದು. ಎಲೆಯ ಘಮ ಇರೋದು ಅದರಲ್ಲಿನ ಎಣ್ಣೆಯಲ್ಲಿ, ಆ ಎಣ್ಣೆ ಬಿಸಿಗೆ ಹಾರಿ ಹೋಗುತ್ತೆ. ಅದಕ್ಕೇ ಪುದೀನ, ತುಳಸಿ ಥರದ ಎಲೆಯನ್ನ ನೇರ ಬಿಸಿಲಿಗೆ ಹಾಕಬಾರದು, ಬಣ್ಣವೂ ಹೋಗುತ್ತೆ, ವಾಸನೆಯೂ ಹೋಗುತ್ತೆ. ನೆರಳು ಬೇಕು, ಗಾಳಿ ಬೇಕು. ಅವರು ಸಣ್ಣ ಸಣ್ಣ ಕಟ್ಟು ಕಟ್ಟಿ ಅಟ್ಟದ ತೊಲೆಗೆ ತಲೆಕೆಳಗಾಗಿ ತೂಗು ಹಾಕ್ತಿದ್ದರು. ಕಟ್ಟು ದಪ್ಪ ಆದರೆ ಒಳಗಡೆ ಬೂಷ್ಟು ಹಿಡಿಯುತ್ತೆ. ಬೆರಳಲ್ಲಿ ಹಿಸುಕಿದಾಗ ಎಲೆ ಬಾಗದೆ ಪುಡಿಪುಡಿ ಆಗಬೇಕು, ಕಡ್ಡಿ ಲಟಕ್ ಅಂತ ಮುರಿಯಬೇಕು. ಆಗ ಡಬ್ಬಕ್ಕೆ. ನಾನು ಬೆಂಗಳೂರಿನ ಬಾಲ್ಕನಿಯಲ್ಲಿ ನಾಲ್ಕು ಕುಂಡದಲ್ಲಿ ತುಳಸಿ, ಪುದೀನ, ಮಜ್ಜಿಗೆ ಹುಲ್ಲು ಇಟ್ಕೊಂಡಿದ್ದೀನಿ. ಅದರ ಲೆಕ್ಕ ಹೇಳ್ತೀನಿ ಕೇಳಿ: ನೂರು ಗ್ರಾಂ ಹಸಿ ಪುದೀನ ಒಣಗಿದ ಮೇಲೆ ಉಳಿಯೋದು ಹದಿನೈದರಿಂದ ಇಪ್ಪತ್ತು ಗ್ರಾಂ. ಒಂದು ಲೋಟಕ್ಕೆ ಒಂದೆರಡು ಗ್ರಾಂ ಬೇಕು. ಐದಾರು ಜನರ ಮನೆಗೆ, ದಿನಕ್ಕೆ ಎರಡು ಸಲ, ಆರು ತಿಂಗಳ ಚಳಿಗಾಲಕ್ಕೆ ಎಷ್ಟು ಕಟ್ಟು ಕಿತ್ತಿರಬೇಕು ಅಂತ ನೀವೇ ಲೆಕ್ಕ ಹಾಕಿ. ಇತಿಹಾಸದ ಪುಸ್ತಕದಲ್ಲಿ ‘ಜನ ಚಹಾ ತ್ಯಜಿಸಿದರು’ ಅಂತ ಮೂರೇ ಪದದಲ್ಲಿ ಬರೆದು ಮುಗಿಸಿರೋ ಕೆಲಸ ಇದು.

ಇನ್ನೊಂದು ವಿಧಾನ ಇತ್ತು, ಇದು ನನಗೆ ತುಂಬ ಇಷ್ಟ. ಆಲಿಸ್ ಮೋರ್ಸ್ ಅರ್ಲ್ ಅಂತ ಒಬ್ಬ ಲೇಖಕಿ, 1890ರ ದಶಕದಲ್ಲಿ ಹಳೇ ನ್ಯೂ ಇಂಗ್ಲೆಂಡಿನ ಮನೆವಾರ್ತೆಯ ಬಗ್ಗೆ ಪುಸ್ತಕಗಳನ್ನ ಬರೆದರು. ಅವರು ದಾಖಲಿಸಿರೋ ಪ್ರಕಾರ ‘ಲಿಬರ್ಟಿ ಟೀ’ ಅನ್ನೋ ಹೆಸರು ಮುಖ್ಯವಾಗಿ ನಾಲ್ಕೆಲೆಯ ಲೂಸ್‌ಸ್ಟ್ರೈಫ್ ಅನ್ನೋ ಕಾಡುಗಿಡದ್ದು. ಗಿಡವನ್ನ ಬುಡಸಮೇತ ಕೀಳೋದು, ಎಲೆ ಬಿಡಿಸೋದು, ಕಡ್ಡಿಯನ್ನ ಕುದಿಸಿ ರಸ ತೆಗೆಯೋದು. ಎಲೆಯನ್ನ ಕಬ್ಬಿಣದ ಪಾತ್ರೆಯಲ್ಲಿ ಹಾಕಿ ಆ ರಸವನ್ನ ಮೇಲೆ ಹೊಯ್ಯೋದು, ಆಮೇಲೆ ಒಲೆಯ ಗೂಡಿನಲ್ಲಿ ಒಣಗಿಸೋದು. ಮಾರಾಟಕ್ಕೂ ಬಂದಿತ್ತು, ಪೌಂಡಿಗೆ ಆರು ಪೆನ್ಸ್. ಯಾಕೆ ಇಷ್ಟು ಸರ್ಕಸ್? ಬರೀ ಒಣಗಿಸಿದ ಸೊಪ್ಪು ಕುದಿಸಿದರೆ ಬರೋದು ತೆಳು ಹಸಿರು ನೀರು. ಕಪ್ಪು ಚಹಾಕ್ಕೆ ಆ ಕೆಂಪು ಬಣ್ಣ ಬರೋದು ಎಲೆಯನ್ನ ಹಿಸುಕಿ, ಗಾಳಿಗೆ ಬಿಟ್ಟು, ಕಂದು ಬಣ್ಣಕ್ಕೆ ತಿರುಗಿಸಿ ಆಮೇಲೆ ಒಣಗಿಸೋದರಿಂದ. ಚೀನಾದವರು ಶತಮಾನಗಳಿಂದ ಕಲಿತ ವಿದ್ಯೆ ಅದು. ಇವರಿಗೆ ಆ ಬಣ್ಣ ಬೇಕಿತ್ತು, ಒಗರು ಬೇಕಿತ್ತು, ನೋಡೋಕಾದ್ರೂ ಚಹಾ ಥರ ಇರಬೇಕಿತ್ತು.

ರುಚಿ ಹೇಗೋ ಹೊಂದಿಸಿಕೊಳ್ಳಬಹುದು. ಆದರೆ ಒಂದು ವಿಷಯ ಯಾರಿಂದಲೂ ಆಗಲಿಲ್ಲ. ನಾನು ಹೇಳಿದ ಈ ಎಲೆಗಳು ಯಾವುದರಲ್ಲೂ ಕೆಫೀನ್ ಇಲ್ಲ. ಒಂದು ದಿನ ಟೀ ತಪ್ಪಿದರೆ ತಲೆ ಸಿಡಿಯುತ್ತೆ ಅಂತೀವಲ್ಲ, ಆ ತಲೆನೋವಿಗೆ ಆಗ ಹೆಸರಿರಲಿಲ್ಲ, ನೋವು ಮಾತ್ರ ಇತ್ತು. ಉತ್ತರ ಅಮೆರಿಕದಲ್ಲೇ ಹುಟ್ಟಿದ ಕೆಫೀನ್ ಇರೋ ಗಿಡ ಒಂದಿದೆ, ಯೋಪಾನ್. ದಕ್ಷಿಣದ ಕರಾವಳಿಯ ಮೂಲನಿವಾಸಿಗಳು ಅದರ ಎಲೆಯನ್ನ ಹುರಿದು ಕುಡೀತಿದ್ದರು. ಆದರೆ ಬಾಸ್ಟನ್ನಿನ ಚಳಿಯಲ್ಲಿ ಅದು ಬೆಳೆಯಲ್ಲ. 1789ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ‘ಐಲೆಕ್ಸ್ ವಾಮಿಟೋರಿಯಾ’ ಅಂತ ಶಾಸ್ತ್ರೀಯ ಹೆಸರಿಟ್ಟರು. ವಾಂತಿ ಬರಿಸೋದು ಅಂತ! ಗಿಡಕ್ಕೆ ಆ ಗುಣವೇ ಇಲ್ಲ. ಅದಕ್ಕಿಂತ ಕೆಟ್ಟ ಹೆಸರು ಒಂದು ಪಾನೀಯಕ್ಕೆ ಇಡೋಕೆ ಸಾಧ್ಯವಾ?

ಹಾಗಾಗಿ ಜನ ಏನು ಮಾಡಿದರು? ಕೆಲವರು ಕಾಫಿಗೆ ಹೋದರು. 1774ರ ಜುಲೈನಲ್ಲಿ ಜಾನ್ ಆಡಮ್ಸ್, ಆಮೇಲೆ ಅಮೆರಿಕದ ಎರಡನೇ ಅಧ್ಯಕ್ಷರಾದವರು, ಹೆಂಡತಿ ಅಬಿಗೇಲ್‌ಗೆ ಒಂದು ಕಾಗದ ಬರೆದರು. ಪ್ರಯಾಣದಲ್ಲಿ ಸುಸ್ತಾಗಿ ಒಂದು ಮನೆಯಲ್ಲಿ ಇಳಿದುಕೊಂಡಿದ್ದಾರೆ. ಮನೆಯೊಡತಿಯನ್ನ ಕೇಳ್ತಾರೆ, ಸುಂಕ ಕಟ್ಟದೆ ಕಳ್ಳಸಾಗಣೆಯಲ್ಲಿ ಬಂದ ಪ್ರಾಮಾಣಿಕ ಚಹಾ ಆದ್ರೆ ಒಂದು ಲೋಟ ಕುಡಿಯಬಹುದೇನಮ್ಮ ಅಂತ. ಆಕೆ, ಇಲ್ಲ ಸ್ವಾಮಿ, ಈ ಊರಲ್ಲಿ ನಾವೆಲ್ಲ ಚಹಾ ಬಿಟ್ಟಿದ್ದೀವಿ, ಬೇಕಾದ್ರೆ ಕಾಫಿ ಮಾಡಿಕೊಡ್ತೀನಿ ಅಂತಾಳೆ. ಅವತ್ತಿಂದ ದಿನಾ ಮಧ್ಯಾಹ್ನ ಕಾಫಿ ಕುಡೀತಿದ್ದೀನಿ, ಅಭ್ಯಾಸ ಮಾಡಿಕೊಳ್ಳಲೇಬೇಕು ಅಂತ ಆಡಮ್ಸ್ ಬರೀತಾರೆ. ಇಡೀ ಕಾಗದದಲ್ಲಿ ನನಗೆ ಹಿಡಿಸೋದು ಆ ಹೆಂಗಸು. ಎದುರಿಗೆ ನಿಂತಿರೋ ದೊಡ್ಡ ವಕೀಲ ಕಾನೂನಿನ ಸಂದು ಹುಡುಕ್ತಿದ್ದಾನೆ, ಆಕೆ ಸಂದು ಕೊಡ್ತಿಲ್ಲ.

ಎಲ್ಲರೂ ಆಕೆಯ ಹಾಗೆ ಇರಲಿಲ್ಲ. ಪೀಟರ್ ಆಲಿವರ್ ಅಂತ ಮ್ಯಾಸಚೂಸೆಟ್ಸಿನ ಮುಖ್ಯ ನ್ಯಾಯಾಧೀಶ, ಬ್ರಿಟಿಷ್ ರಾಜನ ಪಕ್ಷ, 1776ರಲ್ಲಿ ಬಾಸ್ಟನ್ ಬಿಟ್ಟು ಹೋದವನು. ಇಂಗ್ಲೆಂಡಿನಲ್ಲಿ ಕೂತು ಈ ದಂಗೆಯ ಬಗ್ಗೆ ಹೊಟ್ಟೆ ಉರಿಸಿಕೊಂಡು ಬರೆದಿದ್ದಾನೆ. ಅವನ ಪ್ರಕಾರ ಹೆಂಗಸರು ಆಣೆ ಮಾಡೋ ಮೊದಲೇ ಮನೆ ತುಂಬ ಚಹಾ ತುಂಬಿಸಿಕೊಂಡಿದ್ದರು. ಕಾಯಿಲೆ ಬಂದಾಗ ಕುಡಿಯಬಹುದು ಅಂತ ಒಂದು ವಿನಾಯಿತಿ ಇತ್ತು, ಹಾಗಾಗಿ ಬೇಕು ಅನ್ನಿಸಿದಾಗೆಲ್ಲ ಅವರಿಗೆ ಕಾಯಿಲೆ ಬರ್ತಿತ್ತು. ಮೇಜಿನ ಮೇಲೆ ಕಾಫಿ ಪಾತ್ರೆ, ಚಾಕೊಲೇಟ್ ಪಾತ್ರೆ ಇಟ್ಟಿರೋರು, ಒಳಗಿರೋದು ಚಹಾ. ಒಬ್ಬಳು ‘ನನಗೆ ಚಾಕೊಲೇಟ್’ ಅಂತಾಳೆ, ಇನ್ನೊಬ್ಬಳು ‘ನನಗೆ ಕಾಫಿ’ ಅಂತಾಳೆ, ಇಬ್ಬರಿಗೂ ಬಗ್ಗಿಸಿಕೊಡೋದು ಅದನ್ನೇ. ಆಲಿವರ್ ವಿರೋಧ ಪಕ್ಷದವನು, ಅವನ ಮಾತಿಗೆ ಉಪ್ಪು ಖಾರ ಸ್ವಲ್ಪ ಜಾಸ್ತಿ ಇರುತ್ತೆ. ಆದರೂ ಪೂರ್ತಿ ಸುಳ್ಳು ಅಂತ ನನಗನ್ನಿಸಲ್ಲ. ಏಕಾದಶಿಯ ದಿನ ನಮ್ಮ ಮನೆಗಳಲ್ಲಿ ಏನೇನು ‘ಫಲಾಹಾರ’ ಆಗುತ್ತೆ ಅಂತ ನಮಗೇ ಗೊತ್ತಲ್ಲ.

ಇನ್ನು ಡಾಕ್ಟರುಗಳು. ಬಾಸ್ಟನ್ನಿನ ವೈದ್ಯ ಥಾಮಸ್ ಯಂಗ್, ಚಳವಳಿಯ ಮುಂದಾಳುಗಳಲ್ಲಿ ಒಬ್ಬ, ಚಹಾ ಅಂದ್ರೆ ನಿಧಾನವಾಗಿ ಏರೋ ವಿಷ ಅಂತ ಪ್ರಚಾರ ಮಾಡಿದ. ನರ ದುರ್ಬಲ ಆಗುತ್ತೆ, ಹೊಟ್ಟೆ ಕೆಡುತ್ತೆ ಅಂತೆಲ್ಲ ಪತ್ರಿಕೆಗಳಲ್ಲಿ ಬಂತು. ಇದೇ ಎಲೆಯನ್ನ ಎಷ್ಟೋ ವರ್ಷದಿಂದ ಕುಡೀತಿದ್ದರು, ರಾಜಕೀಯ ಬದಲಾದ ಕೂಡಲೇ ಅದು ವಿಷ ಆಯ್ತು, ಹಿತ್ತಲ ಸೊಪ್ಪು ಅಮೃತ ಆಯ್ತು. ಇವತ್ತು ಇನ್‌ಸ್ಟಾಗ್ರಾಮ್ ರೀಲಲ್ಲಿ ‘ಡಿಟಾಕ್ಸ್ ಟೀ’ ಮಾರೋರು ಈ ಪರಂಪರೆಯ ಕುಡಿಗಳು ಅಂತ ನಾನಂದ್ರೆ ಬೇಜಾರು ಮಾಡ್ಕೋಬೇಡಿ. ಕೋವಿಡ್ ಕಾಲದಲ್ಲಿ ನಮ್ಮ ಕಷಾಯಕ್ಕೆ ಆದದ್ದೂ ಸುಮಾರಾಗಿ ಇದೇ. ಕೊತ್ತಂಬರಿ, ಜೀರಿಗೆ, ಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಾಲು ಬೆಲ್ಲ ಹಾಕಿ ಆರಾಮಾಗಿ ಕುಡೀತಿದ್ದ ಪಾನೀಯ, ಇದ್ದಕ್ಕಿದ್ದಂತೆ ವೈರಸ್ ಕೊಲ್ಲೋ ಅಸ್ತ್ರ ಆಗಿಬಿಡ್ತು.

ಈಗ ಓಸ್ವೀಗೋ ಟೀ. ಕೆಂಪು ಹೂ, ಕಿತ್ತಳೆ ಸಿಪ್ಪೆ ಥರದ ಘಮ.

ಓಸ್ವೀಗೋ ಅನ್ನೋದು ಒಂದು ಊರಿನ ಹೆಸರು, ಒಂಟಾರಿಯೋ ಸರೋವರದ ದಡದಲ್ಲಿದೆ. ಆ ಸುತ್ತಲ ನಾಡು ಹೋಡನೋಶೋನಿಗಳದ್ದು, ಇಂಗ್ಲಿಷರು ಇರಾಕ್ವಾ ಅಂತ ಕರೀತಿದ್ದರು. ಆರು ಜನಾಂಗಗಳ ಒಕ್ಕೂಟ ಅದು. 1743ರಲ್ಲಿ ಜಾನ್ ಬಾರ್ಟ್ರಮ್ ಅನ್ನೋ ಫಿಲಡೆಲ್ಫಿಯಾದ ಸಸ್ಯಪ್ರೇಮಿ ಆ ಕಡೆ ಪ್ರಯಾಣ ಹೋದ. ಅಲ್ಲಿ ಸಿಕ್ಕ ಈ ಗಿಡದ ಬೀಜವನ್ನ ಮರುವರ್ಷ ಲಂಡನ್ನಿನ ಗೆಳೆಯ ಪೀಟರ್ ಕಾಲಿನ್ಸನ್‌ಗೆ ಕಳಿಸಿದ. ಹಾಗೆ ಅದು ಇಂಗ್ಲೆಂಡಿನ ತೋಟ ಸೇರಿತು. ಲ್ಯಾಬ್ರಡಾರ್ ಟೀ ಕೂಡ ಉತ್ತರದ ಮೂಲನಿವಾಸಿಗಳಿಗೆ ಮೊದಲೇ ಗೊತ್ತಿದ್ದದ್ದು. ಯಾವ ಗಿಡ ಕುಡಿಯಬಹುದು, ಯಾವುದು ಕುಡಿಯಬಾರದು, ಎಷ್ಟು ಕುದಿಸಬೇಕು, ಇದನ್ನೆಲ್ಲ ಬಹಿಷ್ಕಾರದವರು 1773ರಲ್ಲಿ ದಿಢೀರ್ ಅಂತ ಕಂಡುಹಿಡಿಯಲಿಲ್ಲ. ಯಾರೋ ಹೇಳಿಕೊಟ್ಟಿದ್ದರು. ‘ಸ್ವಾತಂತ್ರ್ಯದ ಚಹಾ’ ಅಂತ ಹೆಸರಿಡುವಾಗ ಆ ಯಾರೋ ಅನ್ನೋರ ಹೆಸರು ಮಾತ್ರ ಬಿಟ್ಟುಹೋಯ್ತು.

ಯುದ್ಧ ಶುರುವಾದಾಗ ಆ ಒಕ್ಕೂಟ ಒಡೆಯಿತು. ಒನೈಡಾ ಮತ್ತು ಟಸ್ಕರೋರಾಗಳಲ್ಲಿ ಹೆಚ್ಚಿನವರು ಅಮೆರಿಕನ್ನರ ಕಡೆ, ಉಳಿದ ನಾಲ್ಕರಲ್ಲಿ ಹೆಚ್ಚಿನವರು ಬ್ರಿಟಿಷರ ಕಡೆ. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಸೇನಾನಿ ಜಾನ್ ಸಲಿವನ್‌ಗೆ ಆಜ್ಞೆ ಕೊಟ್ಟರು: ಊರುಗಳನ್ನ ವಶಪಡಿಸಿಕೊಂಡರೆ ಸಾಲದು, ನಾಶ ಮಾಡಬೇಕು, ನೆಲದಲ್ಲಿರೋ ಬೆಳೆಯನ್ನೂ ಬಿಡಬಾರದು. ಆ ವರ್ಷ ಏಪ್ರಿಲ್‌ನಲ್ಲೇ ಇನ್ನೊಂದು ತುಕಡಿ ಒನಂಡಾಗಾ ಊರುಗಳನ್ನ ಸುಟ್ಟಿತ್ತು. ಸಲಿವನ್ನನ ಸೈನ್ಯ ಬೇಸಿಗೆಯಲ್ಲಿ ಹೊರಟು 40ಕ್ಕೂ ಹೆಚ್ಚು ಊರುಗಳನ್ನ ಸುಟ್ಟಿತು. ಸೈನಿಕರೇ ತಮ್ಮ ದಿನಚರಿಯಲ್ಲಿ ಆ ಹೊಲಗಳನ್ನ ನೋಡಿ ಬೆರಗಾಗಿ ಬರೆದಿದ್ದಾರೆ: ಆಳೆತ್ತರದ ಜೋಳ, ಹುರುಳಿಕಾಯಿ, ಕುಂಬಳ, ಸೇಬು, ಪೀಚ್ ಮರಗಳ ಸಾಲು. ಬೆರಗಾದ ಮೇಲೆ ಕಡಿದಿದ್ದಾರೆ. ಕೊಯ್ದು, ಒಣಗಿಸಿ ಚಳಿಗಾಲಕ್ಕೆ ಕೂಡಿಡಬೇಕಾದ ಹೊತ್ತಿನಲ್ಲೇ ಇದು ನಡೆದಿದ್ದು ಅನ್ನೋದನ್ನ ಗಮನಿಸಿ. ಸಾವಿರಾರು ಜನ ನಯಾಗರಾದ ಬ್ರಿಟಿಷ್ ಕೋಟೆಯ ಸುತ್ತ ಗುಡಿಸಲು ಹಾಕಿಕೊಂಡರು, ಆ ಚಳಿಗಾಲದಲ್ಲಿ ಹಸಿವು ಮತ್ತು ಹಿಮಕ್ಕೆ ಸಿಕ್ಕಿ ಬಹಳ ಜನ ಸತ್ತರು.

ಲಿಬರ್ಟಿ ಟೀ ಬಗ್ಗೆ ಇವತ್ತು ಎಷ್ಟೋ ತೋಟಗಾರಿಕೆ ಪುಸ್ತಕಗಳಲ್ಲಿ ಮುದ್ದಾದ ಬರಹ ಇರುತ್ತೆ, ಓಸ್ವೀಗೋ ಹೂವಿನ ಚಿತ್ರದ ಜೊತೆ. ಸಲಿವನ್ ಹೆಸರು ಅಲ್ಲಿ ಇರಲ್ಲ.

ಇನ್ನೊಂದು ಚಿತ್ರ. 1774ರ ಅಕ್ಟೋಬರ್ 25ರಂದು ಉತ್ತರ ಕ್ಯಾರೊಲೈನಾದ ಈಡನ್‌ಟನ್ ಅನ್ನೋ ಸಣ್ಣ ಊರಲ್ಲಿ 51 ಹೆಂಗಸರು ಒಂದು ಹೇಳಿಕೆಗೆ ಸಹಿ ಹಾಕಿದರು. ಪೆನೆಲೊಪಿ ಬಾರ್ಕರ್ ಮುಂದಾಳು ಅಂತ ಪ್ರತೀತಿ. ಇದು ‘ಈಡನ್‌ಟನ್ ಟೀ ಪಾರ್ಟಿ’ ಅಂತಲೇ ಪ್ರಸಿದ್ಧ, ತಮಾಷೆ ಅಂದ್ರೆ ಅವರು ಸಹಿ ಹಾಕಿದ ಹೇಳಿಕೆಯಲ್ಲಿ ಚಹಾ ಅನ್ನೋ ಪದವೇ ಇಲ್ಲ. ತಮ್ಮ ಪ್ರಾಂತ್ಯದ ಪ್ರತಿನಿಧಿಗಳು ಮಾಡಿದ ನಿರ್ಣಯಗಳಿಗೆ ನಾವೂ ಬದ್ಧ ಅನ್ನೋದಷ್ಟೇ ಅದರ ಸಾರ. ಹೆಂಗಸರು ತಮ್ಮ ಹೆಸರು ಬರೆದು ರಾಜಕೀಯ ಮಾತಾಡಿದ್ದೇ ಸಾಕಾಯ್ತು. ಸುದ್ದಿ ಲಂಡನ್ ಪತ್ರಿಕೆಯಲ್ಲಿ ಬಂತು, 1775ರ ಮಾರ್ಚ್‌ನಲ್ಲಿ ಒಂದು ವ್ಯಂಗ್ಯಚಿತ್ರವೂ ಬಂತು. ಫಿಲಿಪ್ ಡಾ ಬರೆದದ್ದು ಅಂತಾರೆ. ಹೆಂಗಸರನ್ನ ಗಂಡುಬೀರಿಗಳ ಹಾಗೆ ತೋರಿಸಿದ್ದಾನೆ. ಒಬ್ಬಳು ಸಹಿ ಹಾಕ್ತಿದ್ದಾಳೆ, ಯಾರೋ ಚಹಾ ಸುರೀತಿದ್ದಾರೆ, ಮೇಜಿನ ಕೆಳಗೆ ಮಗುವನ್ನ ಯಾರೂ ನೋಡ್ತಿಲ್ಲ. ಮಗು ಬಿಟ್ಟು ಬೀದಿಗೆ ಬಂದಳು ಅನ್ನೋ ಮೂದಲಿಕೆ 250 ವರ್ಷ ಆದರೂ ಹಳತಾಗಿಲ್ಲ.

ಆ ಚಿತ್ರವನ್ನ ಮೊಬೈಲಲ್ಲಿ ಹುಡುಕಿ ಹಿಗ್ಗಿಸಿ ನೋಡಿ. ಹಿಂದೆ ಮಸಿ ಕುಡಿಕೆಯ ತಟ್ಟೆ ಹಿಡಿದು ಒಬ್ಬ ಕಪ್ಪು ಹೆಂಗಸು ನಿಂತಿದ್ದಾಳೆ. ಗುಲಾಮಳು. ಆ ಊರಿನ ಅನುಕೂಲಸ್ಥರ ಮನೆಗಳಲ್ಲಿ ಸೊಪ್ಪು ಕೀಳೋದು, ಬಿಡಿಸೋದು, ಒಣಗಿಸೋದು, ನೀರು ಕಾಯಿಸೋದು, ಲೋಟ ತೊಳೆಯೋದು ಬಹುಮಟ್ಟಿಗೆ ಇಂಥವರ ಕೈಕೆಲಸ. ಲಂಡನ್ನಿನ ಚಿತ್ರಕಾರ ಸ್ವಾತಂತ್ರ್ಯದ ಮಾತಾಡೋರನ್ನ ಅಣಕಿಸೋಕೆ ಆಕೆಯನ್ನ ಅಲ್ಲಿ ನಿಲ್ಲಿಸಿರಬಹುದು. ಉದ್ದೇಶ ಏನೇ ಇರಲಿ, ಆ 51 ಸಹಿಗಳ ಪಕ್ಕ ಆಕೆಗೆ ಸಿಕ್ಕ ಜಾಗ ಅದೊಂದೇ.

1774ರ ಅಕ್ಟೋಬರ್‌ನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳ ಕಾಂಗ್ರೆಸ್ ಸೇರಿ ನಿಯಮವನ್ನೇ ಮಾಡಿತು. 1775ರ ಮಾರ್ಚ್ 1ರಿಂದ ಕಂಪನಿಯ ಚಹಾ ಕೊಳ್ಳೋ ಹಾಗಿಲ್ಲ, ಬಳಸೋ ಹಾಗಿಲ್ಲ. ಊರೂರಿಗೆ ಸಮಿತಿ. ಮುರಿದವರ ಹೆಸರು ಪತ್ರಿಕೆಯಲ್ಲಿ ಪ್ರಕಟ. ಸ್ವಂತ ಇಷ್ಟದಿಂದ ಶುರುವಾದದ್ದು ಪಕ್ಕದ ಮನೆಯವರ ಕಣ್ಗಾವಲಿಗೆ ಬಂದು ನಿಂತಿತು. ಪುದೀನ ಕುಡೀತಿದ್ದೀನೋ ಚಹಾ ಕುಡೀತಿದ್ದೀನೋ ಅನ್ನೋದು ದೇಶಭಕ್ತಿಯ ಪರೀಕ್ಷೆ ಆದಾಗ, ಕಾಫಿ ಪಾತ್ರೆಯಲ್ಲಿ ಚಹಾ ಬಚ್ಚಿಡೋರು ಹುಟ್ಟಿಕೊಂಡರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಕಾಂಗ್ರೆಸ್ಸಿಗೇ ಇದು ನಡೆಯಲ್ಲ ಅಂತ ಗೊತ್ತಾಗಿ 1776ರ ಏಪ್ರಿಲ್‌ನಲ್ಲಿ, ಸ್ವಾತಂತ್ರ್ಯ ಘೋಷಣೆಗೂ ಮೂರು ತಿಂಗಳು ಮೊದಲೇ, ದಾಸ್ತಾನಿನಲ್ಲಿದ್ದ ಚಹಾ ಮಾರೋಕೆ ಅನುಮತಿ ಕೊಟ್ಟಿತು.

ಈ ಕಥೆಗೆ ನಮ್ಮ ಕಡೆಯ ಕೊಂಡಿಗಳು ಇನ್ನೂ ಎರಡು ಇವೆ, ಹೇಳದೆ ಬಿಡೋಕೆ ಮನಸ್ಸಿಲ್ಲ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನ ಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರ್ ಅಲಿಯೇ. ಕಂಪನಿಯ ಶತ್ರು ಅನ್ನೋ ಕಾರಣಕ್ಕೆ ಅವನ ಹೆಸರಿಟ್ಟಿದ್ದರು. ಇನ್ನೊಂದು: 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಬ್ರಿಟಿಷ್ ಸೈನ್ಯದ ನಾಯಕ ಕಾರ್ನ್‌ವಾಲಿಸ್. ಹತ್ತು ವರ್ಷ ಕಳೆದು 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಗೆ ನುಗ್ಗಿದವನು, ಮುಂದಿನ ವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಟುಕೊಂಡವನು, ಅದೇ ಕಾರ್ನ್‌ವಾಲಿಸ್. ಕೆ.ಆರ್. ಮಾರ್ಕೆಟ್ ಹತ್ತಿರ ಕೋಟೆಯ ಉಳಿದ ತುಂಡಿನ ಗೋಡೆಯಲ್ಲಿ, ಬ್ರಿಟಿಷರು ಒಳಗೆ ನುಗ್ಗಿದ ಜಾಗದಲ್ಲಿ, ಈಗಲೂ ಒಂದು ಫಲಕ ಇದೆ.

ಯುದ್ಧ ಮುಗೀತು. ಅಟ್ಟದ ಮೇಲಿನ ಸೊಪ್ಪಿನ ಕಟ್ಟುಗಳು ಏನಾದವು? ಪುದೀನ, ಸೇಜ್ ಮತ್ತೆ ಔಷಧಿಯ ಡಬ್ಬಕ್ಕೆ ಹೋದವು. 1784ರ ಫೆಬ್ರವರಿ 22ರಂದು ನ್ಯೂಯಾರ್ಕಿನಿಂದ ಒಂದು ಹಡಗು ಹೊರಟಿತು, ‘ಎಂಪ್ರೆಸ್ ಆಫ್ ಚೈನಾ’. ಹೊಸ ದೇಶದ ಬಾವುಟ ಹೊತ್ತು ನೇರ ಕ್ಯಾಂಟನ್ನಿಗೆ, ಕಂಪನಿಯ ಹಂಗಿಲ್ಲದೆ. ಚೀನಾದವರಿಗೆ ಮಾರೋಕೆ ಅವರ ಹತ್ತಿರ ಇದ್ದ ದೊಡ್ಡ ಸರಕು ಅಂದ್ರೆ ಜಿನ್ಸೆಂಗ್, ಸುಮಾರು 30 ಟನ್. ಅಪಲಾಚಿಯನ್ ಕಾಡುಗಳಲ್ಲಿ ಮೂಲನಿವಾಸಿಗಳೂ ಗಡಿನಾಡಿನ ಬಡವರೂ ಅಗೆದು, ತೊಳೆದು, ಒಣಗಿಸಿದ ಬೇರು. 1785ರ ಮೇ ತಿಂಗಳಲ್ಲಿ ಹಡಗು ವಾಪಸ್ ಬಂತು. ತಂದದ್ದರಲ್ಲಿ ರೇಷ್ಮೆ ಇತ್ತು, ಪಿಂಗಾಣಿ ಇತ್ತು, ಮತ್ತೆ ಪೆಟ್ಟಿಗೆ ಪೆಟ್ಟಿಗೆ ಚಹಾ.

ಇಷ್ಟು ಇವತ್ತಿಗೆ. ನಿಮ್ಮ ಮನೆಯಲ್ಲಿ ಯಾವ ಸೊಪ್ಪು, ಯಾವ ಬೇರು ಒಣಗಿಸಿ ಕುಡೀತೀರಿ, ಅದನ್ನ ನಿಮ್ಮ ಊರಲ್ಲಿ ಏನಂತ ಕರೀತಾರೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.